ಎತ್ತಿ ಕುಡಿದ ನೀರು

ಒಲಿಂಪಿಕ್ಸ್ ಮುಗಿದ ಹೊಸತರಲ್ಲಿ ನಾನು ಸಿಡ್ನಿಯ ಲಿವರ್‌ಪೂಲ್ ಬಡಾವಣೆಯಲ್ಲಿ ಒಂದು ಆಸ್ಪತ್ರೆಯ ಫಿಸಿಯೋ. ಸೊಂಟದ ಆಪರೇಷನ್ ಆದವರನ್ನು ಎಬ್ಬಿಸಿ ನಡೆಸುವುದು ನನ್ನ ಕೆಲಸ. ಜೋನ್ ಎಂಬ ಬಿಳಿ ಅಜ್ಜಿ ಮಾತ್ರ ಏನು ಮಾಡಿದರೂ ಏಳುತ್ತಿರಲಿಲ್ಲ. ಒಂದು ದಿನ ಅವರು ಲೋಟವನ್ನು ತುಟಿಗೆ ತಾಕಿಸದೆ, ಥೇಟ್ ಉಡುಪಿಯ ನಮ್ಮಜ್ಜಿಯ ಹಾಗೆ, ನೀರು ಎತ್ತಿ ಕುಡಿದರು. ನಾನು ದಂಗಾದೆ.

"ನಮ್ಮನೇಲಿ ಎಲ್ಲರೂ ಹೀಗೇ. ನನ್ನ ಅಜ್ಜಿಯ ಅಜ್ಜ ಕಲಿಸಿದ್ದಂತೆ. ಹಡಗಿನಲ್ಲಿ ಬಂದವನು, ಎಲ್ಲಿಂದ ಅಂತ ಇವತ್ತಿಗೂ ಗೊತ್ತಿಲ್ಲ," ಅಂದರು.

"ಎಂಜಲಾಗಬಾರದು ಅಂತ ನಾವು ಹೀಗೆ ಕುಡಿಯೋದು. ಅವರು ನಮ್ಮ ಕಡೆಯವರೇ ಇರಬೇಕು! ಒಳ್ಳೇ ಮನೆತನದವರು," ಎಂದು ಉಬ್ಬಿಹೋಗಿ ಹೇಳಿದೆ.

ಅಜ್ಜಿಯ ಮುಖ ಬಾಡಿತು. "ಹಾಗಾದ್ರೆ ಅವನು ಕೈದಿ ಆಗಿರಲಿಲ್ವಾ?"

ಪಕ್ಕದ ಬೆಡ್ಡಿನಾಕೆಯ ಮುತ್ತಾತ ಇಂಗ್ಲೆಂಡಿನಲ್ಲಿ ಕುರಿ ಕದ್ದು, ಬೇಡಿ ಹಾಕಿಸಿಕೊಂಡು ಗಡಿಪಾರಾಗಿ ಈ ದೇಶಕ್ಕೆ ಬಂದವನು. ಆಕೆ ಅದನ್ನು ದಿನಾ ಕೊಚ್ಚಿಕೊಳ್ಳುತ್ತಿದ್ದಳು. ಹಾಗೆ ಬಂದ ಕೈದಿಗಳ ವಂಶ ಅಂದರೆ ಇಲ್ಲಿ ಅದಕ್ಕಿಂತ ದೊಡ್ಡ ಕುಲ ಇಲ್ಲ.

"ಕದ್ದಿರಲೂಬಹುದು ಬಿಡಿ. ನಮ್ಮಲ್ಲೇನು ಕಳ್ಳರಿಗೆ ಬರವೇ?" ಎಂದೆ.

ಅಜ್ಜಿ ಎದ್ದರು. ನನ್ನ ಕೈ ಹಿಡಿದು ನೆಟ್ಟಗೆ ಪಕ್ಕದ ಬೆಡ್ಡಿಗೇ ನಡೆದರು.

ಸಂಬಂಧ ಕುದುರಿಸುವಾಗ ವಂಶಕ್ಕೆ ಇಲ್ಲದ ಗುಣ ಅಂಟಿಸುವವರನ್ನು ಬೇಕಾದಷ್ಟು ಕಂಡಿದ್ದೇನೆ. ಕಳ್ಳತನ ಅಂಟಿಸಿ ವಂಶದ ಮರ್ಯಾದೆ ಉಳಿಸಿದವನು ಬಹುಶಃ ನಾನೊಬ್ಬನೇ.