ಕೊಕ್ಕರೆ ಮನೆಯ ನೆಲ

ಟೈಲ್ಸ್ ಮೇಸ್ತ್ರಿ ಮಂಡಿಯೂರಿ ಕೂತು, ಬಾಗಿಲ ಬುಡದ ಕೊನೆಯ ಟೈಲನ್ನು ಕರಣೆಯ ಹಿಡಿಯಿಂದ ಕುಟ್ಟಿ ಕಿವಿಗೊಟ್ಟ. ಅಡಿಯಲ್ಲಿ ಗಾರೆ ತುಂಬದೆ ಪೊಳ್ಳು ಉಳಿದಿದ್ದರೆ ಸದ್ದೇ ಹೇಳುತ್ತದೆ. ಪೊಳ್ಳಿರಲಿಲ್ಲ. ಆದರೂ ಕಿತ್ತ.

"ಅಣ್ಣಾ, ಮತ್ತೆ ಕಿತ್ರಾ?" ಮನೆಯಾಕೆ ಹಣೆ ಚಚ್ಚಿಕೊಂಡಳು. "ಭಾನುವಾರ ಬಾಡಿಗೆ ಮನೆ ಬಿಡ್ಬೇಕು. ಇವರನ್ನ ಎಲ್ಲಿ ಮಲಗಿಸ್ಲಿ, ಮರಳು ಗುಡ್ಡೆ ಮೇಲಾ?"

"ಒಂದ್ಸಲ ನೋಡ್ಬಿಡ್ತೀನಿ ತಂಗಿ."

"ನಿಮ್ಮ ಒಂದ್ಸಲಕ್ಕೆ ಮಕ್ಕಳಾಗಿ ಮೊಮ್ಮಕ್ಕಳೂ ಆದ್ವು."

'ಇವರು' ಎಂದರೆ ಅವಳ ಗಂಡ, ಅಂಗಳದಲ್ಲಿ ಸಿಮೆಂಟ್ ಚೀಲದ ಮೇಲೆ ಕೂತಿದ್ದ ಕೊಕ್ಕರೆ. ಉದ್ದ ಕಾಲುಗಳಿಗಾಗಿ ಶಾಲೆಯಲ್ಲೇ ಅಂಟಿದ ಹೆಸರು; ಯುದ್ಧದಲ್ಲಿ ಎಡಗಾಲು ಹೋದ ಮೇಲೆ ಇನ್ನೂ ಚೆನ್ನಾಗಿ ಒಪ್ಪಿತು. ಹಾಗಂತ ಅವನೇ ಹೇಳಿ ನಗುತ್ತಿದ್ದ. ಮೇಸ್ತ್ರಿ ಮಾತ್ರ ನಗುತ್ತಿರಲಿಲ್ಲ.

ಇಬ್ಬರೂ ಒಂದೇ ಬೆಂಚಿನವರು, ಒಂದೇ ಭಾಷಣ ಕೇಳಿ ಕೆಟ್ಟವರು. 'ಈ ನೆಲ ನಿಮ್ಮನ್ನು ಕರೆಯುತ್ತಿದೆ' ಎಂದು ಶಾಲೆಯ ಮೈದಾನದಲ್ಲಿ ಗುಡುಗಿದ ದೊಡ್ಡ ಮನುಷ್ಯ ಕಾರು ಹತ್ತಿ ಮನೆಗೆ ಹೋದ. ಇವರು ಲಾರಿ ಹತ್ತಿ ಗಡಿಗೆ ಹೋದರು. ಅಲ್ಲಿ ನೆಲ ಕರೆಯಲಿಲ್ಲ, ಸಿಡಿಯಿತು. ಹೂತಿಟ್ಟ ಬಾಂಬು ಹುಡುಕುವುದು ಮೇಸ್ತ್ರಿಯ ಪಾಲಿನ ಕೆಲಸ. ಒಂದು ಬೆಳಿಗ್ಗೆ ಸಲಾಕೆಯಿಂದ ದಾರಿಯನ್ನೆಲ್ಲ ಚುಚ್ಚಿ ನೋಡಿ, ಹಿಂದಿದ್ದವನಿಗೆ "ಏನಿಲ್ಲ, ಬಾ" ಎಂದ. ಕೊಕ್ಕರೆ ಎಡಗಾಲು ಮುಂದಿಟ್ಟು ಬಂದ.

ಊರಿಗೆ ಮರಳಿದಾಗ ಹಾರ ಹಾಕಿದರು. ಹಾರ ಬಾಡುವಷ್ಟರಲ್ಲಿ ಮರೆತರು. ನೆಲ ಕಾಯಲು ಹೋದ ಮೇಸ್ತ್ರಿ ನೆಲ ಹಾಸಿ ಹೊಟ್ಟೆ ಹೊರೆದುಕೊಂಡ. ಹಾಸಿ ಮುಗಿದ ಮೇಲೆ ಮೇಸ್ತ್ರಿಗಳು ಮನೆಯವರನ್ನು "ಬನ್ನಿ, ನಡೆದು ನೋಡಿ" ಎಂದು ಕರೆಯುವುದು ವಾಡಿಕೆ. ಇವನು ಕರಣೆ ತೊಳೆದು ಹಿಂಬಾಗಿಲಿಂದ ಜಾಗ ಖಾಲಿ ಮಾಡುತ್ತಿದ್ದ. ಆ 'ಬಾ' ಅವನ ಬಾಯಿಂದ ಮತ್ತೆ ಹೊರಟಿರಲಿಲ್ಲ. ಆದರೆ ಈ ಮನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ; ನೀನೇ ಹಾಸಬೇಕೆಂದು ಕೊಕ್ಕರೆ ಹಟ ಹಿಡಿದು ಕರೆಸಿದ್ದ. ಮುಗಿಸಿದರೆ ಕರೆಯಬೇಕಲ್ಲ ಎಂದು ಮುಗಿಸುತ್ತಲೇ ಇರಲಿಲ್ಲ.

ಟೈಲು ಮತ್ತೆ ಕೂರಿಸಿದ. ತಲೆ ಎತ್ತಿದರೆ ಹೊಸ್ತಿಲಲ್ಲಿ ಕೊಕ್ಕರೆ, ಕಂಕುಳಲ್ಲಿ ಊರುಗೋಲು.

"ಆಯ್ತೇನೋ?"

"ಇಲ್ಲ."

"ಕರಿಯಲ್ಲ ನೀನು, ಅಲ್ವಾ?"

"ಕರೀಲಾರೆ ಕಣೋ."

"ನನಗೂ ಕಾದು ಸಾಕಾಯ್ತು ಮಾರಾಯ." ಕೊಕ್ಕರೆ ಕಟ್ಟಿಕೊಂಡಿದ್ದ ಮರದ ಕಾಲನ್ನು ಎತ್ತಿ ಒಳಗಿಟ್ಟ.

"ಲೋ, ಹಸಿ ಇದೆ!"

ಟೈಲಿನ ಒಂದು ಮೂಲೆ ಪಚಕ್ಕನೆ ಕುಸಿಯಿತು. ಕೊಕ್ಕರೆ ತೂರಾಡಿ ಮೇಸ್ತ್ರಿಯ ಹೆಗಲು ಹಿಡಿದ. ಮೇಸ್ತ್ರಿ ಕಣ್ಣು ಮುಚ್ಚಿದ್ದ. ಸಂದಿನಿಂದ ಸ್ವಲ್ಪ ಗಾರೆ ಉಕ್ಕಿತು, ಅಷ್ಟೆ.

"ಕಿತ್ತು ಸರಿ ಮಾಡ್ತೀನಿ."

"ಮುಟ್ಟಿದ್ರೆ ನೋಡು. ಹೀಗೇ ಇರ್ಲಿ."

"ತಗ್ಗಲ್ಲಿ ನೀರು ನಿಲ್ಲುತ್ತೆ ರೀ," ಎಂದಳು ಹೆಂಡತಿ.

"ನಿಲ್ಲಲಿ ಬಿಡೆ, ಕೊಕ್ಕರೆಗೆ ನೀರು ಬೇಡ್ವಾ?" ಹೆಗಲ ಮೇಲಿನ ಕೈ ಅಲ್ಲೇ ಇತ್ತು. "ಮುಂದಿನದು ಗಟ್ಟಿ ಇದೆಯೇನೋ?"

ಮೇಸ್ತ್ರಿ ಮುಂದಿನ ಟೈಲನ್ನು ಕುಟ್ಟಿದ. ಕಿವಿಗೊಟ್ಟ. ಮತ್ತೆ ಕುಟ್ಟಿದ.

"ಗಟ್ಟಿ ಇದೆ," ಎಂದ, ತಲೆ ಎತ್ತದೆ. ಬಾ ಎನ್ನಲಿಲ್ಲ.

ಕೊಕ್ಕರೆ ಅಷ್ಟಕ್ಕೇ ಬಂದ.