ನಲ್ಲಿ ಕಿತ್ತ ಮೇಲೆ

ಕಡಿಯಾಳಿಯ ನಮ್ಮ ಓಣಿಯ ತಿರುವಿನಲ್ಲಿ ಒಂದು ಸಾರ್ವಜನಿಕ ನಲ್ಲಿ ಇತ್ತು. ಅದನ್ನು ಕೀಳಿಸಿದವರು ಎದುರು ಮನೆಯ ಯಜಮಾನರು, ಗಲ್ಫಿನಿಂದ ಮರಳಿ ಮನೆ ಕಟ್ಟಿಸಿದವರು. ಇವತ್ತಿಗೂ ಅವರ ಮುಖ ಕಂಡರೆ ನನಗೆ ಮೈ ಉರಿಯುತ್ತದೆ.

ನಮ್ಮ ಮನೆಯಲ್ಲಿ ಬಾವಿ ಇದೆ. ಆದರೆ ಏಪ್ರಿಲ್ ಬಂತೆಂದರೆ ಕೊಡಪಾನಕ್ಕೆ ಬರುವುದು ಕೆಸರು. ಆಗ ನಾನೂ ಬೀದಿಯ ನಲ್ಲಿಗೆ ಹೋಗುತ್ತಿದ್ದೆ. ಅಲ್ಲಿ ನಮ್ಮ ಓಣಿಯ ಹಿಂಬದಿಯ ಬಾಡಿಗೆ ಶೆಡ್ಡುಗಳ ಹೆಂಗಸರು, ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಸಾಲು ಹಿಡಿದಿರುತ್ತಿದ್ದರು. ಅವರಲ್ಲೊಬ್ಬಳು ಮಹಾ ಜಗಳಗಂಟಿ. ಒಮ್ಮೆ ನನ್ನ ಕೊಡಪಾನವನ್ನು ಕಾಲಿನಿಂದಲೇ ಹಿಂದೆ ಸರಿಸಿದಳು.

"ನಿಮ್ಮ ಮನ್ಯಾಗ ಬಾವಿ ಐತಲ್ರಿ, ಇಲ್ಲಿಗ್ಯಾಕ ಬರ್ತೀರಿ?"

"ಇದು ನಿನ್ನ ಅಪ್ಪನ ನಲ್ಲಿಯಾ?"

"ನಿಮ್ಮಪ್ಪಂದೂ ಅಲ್ಲಲ್ರಿ!"

ಅದೂ ಸರಿಯೇ. ಹಲ್ಲು ಕಚ್ಚಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತೆ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ನಲ್ಲಿ ಇಲ್ಲ. ಪೈಪಿನ ಬಾಯಿಗೆ ಸಿಮೆಂಟು ಮೆತ್ತಿತ್ತು. ಎದುರು ಮನೆಯವರು ಗೇಟಿನಲ್ಲೇ ನಿಂತಿದ್ದರು.

"ನಾನೇ ತೆಗೆಸಿದ್ದು. ಆ ಜಾಗ ನನ್ನದು. ಬೆಳಗಾದರೆ ಈ ಘಟ್ಟದ ಮೇಲಿನವರ ಗಲಾಟೆ. ನಿಮ್ಮಲ್ಲಿ ಬಾವಿ ಉಂಟಲ್ವಾ, ನಿಮಗೆಂತ ಕಷ್ಟ ಮಾರಾಯ್ರೆ?"

"ನಿಮ್ಮ ಮನೆಯ ಗೋಡೆ ಕಟ್ಟಿದ್ದು ಅವರೇ ಅಲ್ವಾ? ಆಗ ಗಲಾಟೆ ಕೇಳಲಿಲ್ವಾ?" ಎಂದೆ. ಅವರು ಗೇಟು ಹಾಕಿಕೊಂಡು ಒಳಗೆ ಹೋದರು.

ನಗರಸಭೆಗೆ ದೂರು ಕೊಟ್ಟೆ. ಜಾಗ ಯಾರದೆಂಬ ತಕರಾರಿನಲ್ಲಿ ಅದು ಅಲ್ಲಿಗೇ ನಿಂತಿತು. ಬಾವಿ ತುಂಬಿತ್ತಲ್ಲ, ನಮ್ಮಲ್ಲಿಂದ ಒಯ್ಯಿರಿ ಎಂದು ಹೆಂಗಸರಿಗೆ ಹೇಳಿದೆ. ಆ ಜಗಳಗಂಟಿಯೂ ಬಂದಳು. ಚಪ್ಪಲಿಯನ್ನು ಗೇಟಿನ ಹೊರಗೆ ಬಿಟ್ಟು, "ಅಕ್ಕಾರ, ಎರಡು ಕೊಡ ತಗೊಳ್ಳಲೇನ್ರಿ?" ಎಂದಳು. ಹಿಂದಿನ ಆ ಜೋರು ಸ್ವರವೇ ಇರಲಿಲ್ಲ. ಕೆಲವು ದಿನ ಕಳೆದ ಮೇಲೆ ನಮ್ಮ ಅಂಗಳವನ್ನೂ ಗುಡಿಸಲು ಶುರು ಮಾಡಿದಳು.

"ಗುಡಿಸು ಅಂತ ಯಾರು ಹೇಳಿದ್ದು ನಿನಗೆ?" ಎಂದು ರೇಗಿದೆ.

"ಪುಕ್ಕಟೆ ನೀರು ಒಯ್ತೀವಲ್ರಿ."

ಅವಳ ಕೈಯಿಂದ ಹಿಡಿಸೂಡಿ ಕಿತ್ತುಕೊಂಡೆ. ಬೀದಿಯ ನೀರಿಗೆ ಅವಳು ಯಾರ ಅಂಗಳವನ್ನೂ ಗುಡಿಸಬೇಕಾಗಿರಲಿಲ್ಲ. ನನಗೆ ಸಮಸಮ ನಿಂತು ಬೈಯುತ್ತಿದ್ದವಳನ್ನು ನಮ್ಮ ಗೇಟಿನಲ್ಲಿ ಬೇಡುವ ಹಾಗೆ ಮಾಡಿದ ಆ ಮನುಷ್ಯನ ಮೇಲೆ ನನಗೆ ಹುಟ್ಟಿದ ದ್ವೇಷ ಅಷ್ಟಿಷ್ಟಲ್ಲ.

ಏಪ್ರಿಲ್‌ನಲ್ಲಿ ಬಾವಿ ತಳ ಕಂಡಿತು. ನಾಳೆಯಿಂದ ಬರಬೇಡಿ ಎಂದು ನಾನೇ ಹೇಳಬೇಕಾಯಿತು. ಅವಳು ಜಗಳವಾಡುತ್ತಾಳೆಂದು ಕಾದೆ. ತಲೆಯಾಡಿಸಿ ಹೋದಳು. ಆ ವಾರವೇ ಶೆಡ್ಡುಗಳು ಖಾಲಿಯಾದವು. ಅವರೆಲ್ಲ ಕಲ್ಯಾಣಪುರದ ಕಡೆಗೆ ಹೋದರಂತೆ.

ಕಳೆದ ತಿಂಗಳು ಎದುರು ಮನೆಯವರು ಸತ್ಯನಾರಾಯಣ ಪೂಜೆಗೆ ಕರೆಯಲು ಬಂದರು.

"ಹಳೆಯದೆಲ್ಲ ಎಂತಕ್ಕೆ? ಊಟಕ್ಕಾದರೂ ಬನ್ನಿ."

"ನಿಮ್ಮ ಮನೆಯ ನೀರು ನನ್ನ ಗಂಟಲಿನಲ್ಲಿ ಇಳಿಯುವುದಿಲ್ಲ" ಎಂದೆ.