ಇಸ್ಮಾಯಿಲ್ ಭಾಯಿ ಮನೆಯ ಹೆಪ್ಪು

ಸಂಜೆ ಆರೂವರೆ.
ದಂಡೋತಿಯಲ್ಲಿ ಮಣ್ಣು ಕೊಟ್ಟು ಈಗಷ್ಟೇ ಬಂದೆ...
ಇನ್ನೂ ನಂಬಲಾಗುತ್ತಿಲ್ಲ.

ಬೆಳಿಗ್ಗೆ ನಮ್ಮ ಎಮ್ಮೆಯ ಕೆಚ್ಚಲು ಬಾತಿತ್ತು.
ಎಂದಿನಂತೆ ಇಸ್ಮಾಯಿಲ್ ಭಾಯಿಗೆ ಫೋನ್ ಮಾಡಿದೆ.
ಎತ್ತಿದ್ದು ಅವರ ಮಗ.
"ಕಾಕಾ... ಅಬ್ಬಾ ಮುಂಜಾನಿ ನಮಾಜಿಗಿ ಏಳಲೇ ಇಲ್ರಿ..."


ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಭಾಯಿ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವರು.
ರಿಟೈರ್ ಆದಮೇಲೂ ಡಾಕ್ಟರ್ ಬರೆದ ಸೂಜಿ ಹಾಕಲು ಬೈಕ್ ಮೇಲೆ ಊರೂರು ತಿರುಗುತ್ತಿದ್ದರು.

ಒಮ್ಮೆ ನನ್ನ ಹೊಲದಲ್ಲಿ ತೊಗರಿ ಗಿಡ ಕಿತ್ತು, ಬೇರಿನ ಗಂಟು ತೋರಿಸಿದ್ದರು.
"ನೋಡು ಮಲ್ಲಪ್ಪ, ಇದರಾಗ ಕಣ್ಣಿಗಿ ಕಾಣದ ಜೀವ ಅದಾವ. ತೊಗರಿಗಿ ಗೊಬ್ಬರ ಮಾಡಿ ಕೊಡ್ತಾವ. ಎಮ್ಮಿ ಹೊಟ್ಟ್ಯಾಗ ಬ್ಯಾರೆ ಮಂದಿ, ಮೇವು ಅರಗಸ್ತಾರ. ಸೆಗಣಿ ಕೂಡ ಹೊಲಕ್ಕ ಬರ್ತಾರ, ಮಳಿ ಬಂದ್ರ ಕಾಗಿಣಾ ಹೊಳಿಗಿ ಇಳೀತಾರ, ಅಲ್ಲಿಂದ ನಿನ್ನ ಕೊಡಕ್ಕ. ಕಂಡಲ್ಲಿ ಔಷಧ ಸುರದ್ರ ಇವೆಲ್ಲಾ ಸಾಯ್ತಾವ. ಒಂದು ಮನಿಗಿ ಬೆಂಕಿ ಹಚ್ಚಿದ್ರ ಓಣಿ ಉಳಿತದೇನು?"
"ಭಾಯಿ, ಕಾಣದ್ದಕ್ಕ ಭಾಳ ಹೆದರತೀರಿ ಬಿಡ್ರಿ."
"ಕಾಣದವಗ ದಿನಾ ಐದು ಸಲ ಬಗ್ಗಾಂವ ನಾ. ನನಗೇ ಹೇಳತಿ?"

ಸೂಜಿ ಹಾಕಿದಾಗೆಲ್ಲ ಒಂದೇ ಮಾತು...
"ನಾಲ್ಕು ದಿನ ಈ ಹಾಲು ಯಾರಿಗೂ ಕೊಡಬ್ಯಾಡ. ಔಷಧ ಹಾಲಿನ್ಯಾಗ ಇಳೀತದ, ಹೆಪ್ಪಿನಾಗಿನ ಜೀವಾನೂ ಕೊಲ್ತದ."

ಭಾಯಿ...
ಇದನ್ನು ನಿಮ್ಮೆದುರು ಹೇಳಬೇಕಿತ್ತು.

ನಿಮ್ಮ ಮಗಳ ಮದುವೆಗೆ ಮೊಸರಿನ ಹಾಲು ನನ್ನದು ಅಂದಿದ್ದೆ.
ಎರಡು ದಿನ ಮುಂಚೆ ನೀವೇ ನನ್ನ ಎರಡು ಎಮ್ಮೆಗಳಲ್ಲಿ ಒಂದಕ್ಕೆ ಸೂಜಿ ಹಾಕಿದಿರಿ.
"ಇನ್ನೊಂದರದು ಎಷ್ಟು ಆಗ್ತದೋ ಅಷ್ಟೇ ತಾ" ಅಂದಿರಿ.
ಕ್ಯಾನ್ ಅರ್ಧವೂ ತುಂಬಲಿಲ್ಲ.
ಮಾತು ಕೊಟ್ಟಿದ್ದೆನಲ್ಲ...
ಸೂಜಿಯ ಎಮ್ಮೆಯ ಹಾಲನ್ನೂ ಸುರಿದುಬಿಟ್ಟೆ.

ನಿಮ್ಮ ಮನೆಯ ಹೆಪ್ಪು ಭಾಭಿ ಶಹಾಬಾದಿನ ತವರಿನಿಂದ ತಂದದ್ದು.
ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ಆರಲು ಬಿಟ್ಟಿರಲಿಲ್ಲ.
ಅರ್ಧ ಓಣಿಯ ಮೊಸರು ಅದರದೇ.
ಇದ್ದಷ್ಟನ್ನೂ ಹಂಡೆಗೆ ಹಾಕಿದರು.

ಮರುದಿನ ಹಾಲು ಗಟ್ಟಿಯಾಗಿರಲಿಲ್ಲ.
ಅಡುಗೆಯವನು ಎಲ್ಲರೆದುರು ನಕ್ಕ. "ಏನ್ರಿ ಭಾಭಿ, ಹೆಪ್ಪು ಹಾಕೀರೋ, ಸುಣ್ಣ ಹಾಕೀರೋ?"
ಭಾಭಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ನೀವು ಹಂಡೆ ನೋಡಿದಿರಿ.
ಆಮೇಲೆ ನನ್ನನ್ನು ನೋಡಿದಿರಿ...
ಸೂಜಿ ಹಾಕಿದ ಕೈ ನಿಮ್ಮದು. ತಿಳಿಯದೆ ಇರುತ್ತದೆಯೇ?
"ಹೆಪ್ಪು ಹಳೀದಾಗಿತ್ತು, ಬಿಡ್ರಿ" ಅಂದಿರಿ.
ನನ್ನ ಮಾನ ಉಳಿಯಿತು.
ತಪ್ಪು ಭಾಭಿಯ ತಲೆಗೆ ಹೋಯಿತು.
ನಾನು ಖಾಲಿ ಕ್ಯಾನ್ ಎತ್ತಿಕೊಂಡು ಮನೆಗೆ ಬಂದೆ.

ಆಮೇಲೂ ನೀವು ಬಂದಿರಿ, ಸೂಜಿ ಹಾಕಿದಿರಿ, ಚಹಾ ಕುಡಿದಿರಿ.
ಒಂದು ಸಲವೂ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೋ ಏನೋ...

ಇವತ್ತು ಮಣ್ಣು ಕೊಟ್ಟು ಬಂದು ಭಾಭಿಗೆ ಹೇಳೋಣ ಅಂತ ಅವರ ಬಾಗಿಲತನಕ ಹೋದೆ.
"ಮಲ್ಲಪ್ಪ, ನಿನ್ನ ಎಮ್ಮಿಗಿ ಆರಾಮ ಇಲ್ಲಂತಲ್ಲ, ಯಾರು ನೋಡಿದ್ರು?" ಅಂತ ಅವರೇ ಕೇಳಿದರು.
"ಹೊಸ ಡಾಕ್ಟರ್ ನೋಡ್ಯಾರ್ರಿ" ಅಂದು ಹಾಗೇ ತಿರುಗಿ ಬಂದೆ.
ಅದಕ್ಕೇ ಇಲ್ಲಿ, ಎಲ್ಲರೆದುರು ಬರೆದಿದ್ದೇನೆ. ಆ ಹೆಪ್ಪು ಕೆಟ್ಟಿರಲಿಲ್ಲ. ಕೆಡಿಸಿದವನು ನಾನು.

ಭಾಯಿ, ನೀವು ಅಷ್ಟು ಪ್ರೀತಿಸಿದ ಮಣ್ಣು ನಿಮ್ಮನ್ನು ತಂಪಾಗಿಡಲಿ... ನಿಮ್ಮ ಜೀವಕ್ಕೆ ನೆಮ್ಮದಿ ಸಿಗಲಿ.

ಮಧ್ಯಾಹ್ನ ಹೊಸ ಡಾಕ್ಟರ್ ಬಂದು ಎಮ್ಮೆಗೆ ಸೂಜಿ ಹಾಕಿ ಹೋದರು.
ನಾಳೆ ಎರಡನೆಯ ದಿನ. ಹಾಲು ಮನೆಯಿಂದ ಹೊರಗೆ ಹೋಗುವುದಿಲ್ಲ.